ಆರದ ಇಸ್ತ್ರಿಪೆಟ್ಟಿಗೆ

ಹಾರುವ ತಟ್ಟೆ ಎಂಬ ಮಾತನ್ನೇ ನಾವು ಕೇಳಿರದ ಕಾಲ ಅದು. ನಡುಮಧ್ಯಾಹ್ನ ಅಂಗಡಿಯಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಬೀದಿಯ ಸದ್ದೆಲ್ಲ ಒಮ್ಮೆಲೇ ನಿಂತಿತು. ಬಿಳಿ ಬೆಳಕೊಂದು ನನ್ನನ್ನು ಮೇಲಕ್ಕೆಳೆದುಕೊಂಡಿತು. ಅಲ್ಲಿ ಮುಖವಿಲ್ಲದವರ ತಣ್ಣನೆಯ ಕೈಗಳು ನನ್ನ ತೋಳುಗಳನ್ನು ಅಂಗಿತೋಳಿನಂತೆ ಮಡಚಿ, ಬಿಡಿಸಿ, ಮತ್ತೆ ಮಡಚಿದವು.

ಕಣ್ಣು ಬಿಟ್ಟಾಗ ಅದೇ ಮೇಜಿನ ಮುಂದೆ ನಿಂತಿದ್ದೆ.

"ಮೂರು ದಿನ ಎಲ್ಲಿ ಹಾಳಾಗಿ ಹೋಗಿದ್ರಿ? ಆ ಪೆಟ್ಟಿಗೆ ಆರ್ತಾನೇ ಇಲ್ಲ, ಮುಟ್ಟೋಕೇ ಭಯ ಆಯ್ತು!" ಎಂದು ಹೆಂಡತಿ ಅತ್ತಳು. ಪೆಟ್ಟಿಗೆ ಅಂಗಿಯ ಮೇಲೆಯೇ ಕೂತಿತ್ತು, ಒಳಗೆ ಕೆಂಡ ನಿಗಿನಿಗಿ. ಅಂಗಿ ಸುಟ್ಟಿರಲಿಲ್ಲ.

"ಕುಡಿದು ಬಿದ್ದಿದ್ದೆ ಅನ್ನು," ಎಂದ ಹೆಂಡತಿಯ ದೂರಿನ ಮೇಲೆ ವಿಚಾರಿಸಲು ಬಂದ ಪೊಲೀಸಿನವ.

"ಹಾಗೇ ಇಟ್ಕೊಳ್ಳಿ ಸ್ವಾಮಿ. ಪೆಟ್ಟಿಗೆಗೆ ಯಾರು ಕುಡಿಸಿದ್ರು?"

ಇವತ್ತಿಗೂ ನಾನು ಮಾತು ಬದಲಿಸಿಲ್ಲ. ನಂಬದವರು ಬಂದು ಪೆಟ್ಟಿಗೆ ಮುಟ್ಟಿ ನೋಡಲಿ, ಆದರೆ ಕೈಗೆ ಬಟ್ಟೆ ಸುತ್ತಿಕೊಳ್ಳಲಿ. ಅಂದಿನಿಂದ ಅದಕ್ಕೆ ಒಂದು ಚೂರು ಇದ್ದಿಲನ್ನೂ ನಾನು ಹಾಕಿಲ್ಲ.