ಒಂದೇ ಎಳೆತದ ಗಂಟು

ಮಂಗಳವಾರ ಪಿಂಚಣಿ ಕಚೇರಿಯ ದಾಖಲೆ ಕೋಣೆಯಲ್ಲಿ ಕಳುವಾಗಿತ್ತು. ಬೀಗ ಮುರಿದಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಕಟ್ಟಿನಿಂದ ಒಂಬತ್ತು ಹಳೆಯ ಹಾಜರಿ ಪುಸ್ತಕ ಮಾಯ. ಉಳಿದವನ್ನು ಕಳ್ಳ ಮತ್ತೆ ಅಚ್ಚುಕಟ್ಟಾಗಿ ಕಟ್ಟಿಟ್ಟಿದ್ದ.

“ರದ್ದಿಯವನೂ ಮುಟ್ಟಲ್ಲ ಮೇಡಂ ಅದನ್ನ,” ಎಂದ ಗುಮಾಸ್ತ.

ಇನ್‌ಸ್ಪೆಕ್ಟರಿಗೆ ಅಚ್ಚರಿಯಾಗಲಿಲ್ಲ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಆಕೆಯ ಅಚ್ಚರಿಯೆಲ್ಲ ಖರ್ಚಾಗಿತ್ತು.

“ಈ ಗಂಟು ನಿಮ್ದಾ?”

“ಅಲ್ಲ. ನಾನು ಹಾಕಿದ್ರೆ ಬಿಚ್ಚೋಕೆ ಕತ್ತರಿ ಬೇಕು.”

ಆಕೆ ಗಂಟಿನ ಫೋಟೋ ತೆಗೆದುಕೊಂಡು ದಾರದ ತುದಿ ಎಳೆದಳು. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.

“ಮಂಗಳವಾರ ಎಲ್ಲಿದ್ರಿ?”

“ಚಹಾಕ್ಕೆ ಹೋಗಿದ್ದೆ. ಹತ್ತೇ ನಿಮಿಷ!” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗಿತ್ತು ಮುಖ. ಕಚೇರಿಯ ಹತ್ತು ನಿಮಿಷ ಎಷ್ಟುದ್ದ ಅಂತ ಯಾರಿಗೆ ಗೊತ್ತಿಲ್ಲ?

ಆ ಪುಸ್ತಕಗಳನ್ನು ಕೇಳಿದ್ದ ಅರ್ಜಿ ಒಂದೇ. ಇಸ್ತ್ರಿ ಮಾಡುತ್ತಿದ್ದ ಹೆಂಗಸಿನದು. ಅವಳ ಹೆಸರಿನಲ್ಲಿ ಎಂಟು ವರ್ಷದ ಸೇವೆ; ಪಿಂಚಣಿಗೆ ಹತ್ತು ಬೇಕು. ಅದಕ್ಕೂ ಮೊದಲು ಗಂಡ ಸೊಂಟ ಹಿಡಿದು ಮಲಗಿದ್ದ ಒಂಬತ್ತು ವರ್ಷ ಆಸ್ಪತ್ರೆಯಲ್ಲಿ ಅವನ ನೌಕರಿ ನಂಬರಿನಲ್ಲಿ ದುಡಿದವಳು ತಾನೇ, ಪುಸ್ತಕದಲ್ಲಿರುವ ಹೆಬ್ಬೆಟ್ಟು ತನ್ನದು ಎಂದು ಬರೆಸಿದ್ದಳು.

“ಸಾಬೀತಾದ್ರೆ ಗಂಡನ ಪಿಂಚಣಿ ನಿಲ್ಲುತ್ತೆ, ಕೇಸೂ ಬೀಳುತ್ತೆ ಅಂತ ಇಬ್ಬರಿಗೂ ಪತ್ರ ಹೋಗಿದೆ,” ಎಂದ ಗುಮಾಸ್ತ. “ಮಂಗಳವಾರ ಇಬ್ಬರೂ ಬಂದಿದ್ರು. ಗಂಡ ಇನ್ನೂ ಬದುಕಿದ್ದಾರೆ ಅಂತ ವರ್ಷದ ಪ್ರಮಾಣಪತ್ರ ಕೊಡೋಕೆ.”

ಪುಸ್ತಕ ಯಾರ ಕಾಲಿಗೆ ಮುಳ್ಳು? ಗಂಡನ ಕಾಲಿಗೆ. ಕುರುಡನಿಗೂ ಕಾಣುವ ಉತ್ತರ.

* * *

ಆಸ್ಪತ್ರೆಯ ಮೇಸ್ತ್ರಿ ಗಂಟಿನ ಫೋಟೋ ನೋಡಿ ನಕ್ಕ.

“ನಮ್ದೇ. ಇಪ್ಪತ್ತು ಹಾಸಿಗೆ ಬಟ್ಟೆಗೆ ಒಂದು ಕಟ್ಟು. ವಾರ್ಡಲ್ಲಿ ಬೇಗ ಬಿಚ್ಚಬೇಕಲ್ಲ. ಕಟ್ಟು ಕಟ್ಟಿದೋರಿಗೆ ಮಾತ್ರ ಬರುತ್ತೆ.”

“ಗಂಡನ ನಂಬರಿನವರು ಕಟ್ತಿದ್ರಾ?”

“ಮೊದಲು ಗಾಡಿ ತಳ್ಳೋದು, ಕೊನೆಗೆ ಗೇಟು ಕಾಯೋದು. ನಡುವೆ ಒಂಬತ್ತು ವರ್ಷ ಕಟ್ಟೋ ಕೆಲಸ.”

“ಹೆಂಡತಿ?”

“ಇಸ್ತ್ರಿ ಬಿಟ್ಟು ಬೇರೆ ಮಾಡಿಲ್ಲ. ಕಾಗದದ ಪ್ರಕಾರ,” ಎಂದವನು ನೆಲ ನೋಡಿದ.

* * *

ಎರಡು ಕೋಣೆಯ ಮನೆ. ಗಂಡ ಕುರ್ಚಿಯಲ್ಲಿ ಕೂತಿದ್ದ. ಇನ್‌ಸ್ಪೆಕ್ಟರ್ ಹಳೆಯ ಪತ್ರಿಕೆಗಳನ್ನೂ ದಾರವನ್ನೂ ಮುಂದಿಟ್ಟಳು.

“ಕಟ್ಟಿ.”

ಅವನು ದಾರ ಸುತ್ತಿದ. ಸಿಕ್ಕಾಯಿತು. ಮತ್ತೆ ಸುತ್ತಿದ. ಬೆವರಿದ.

“ಮರೆತೋಯ್ತು.”

“ಕೊಡಿ ಇಲ್ಲಿ,” ಎಂದಳು ಹೆಂಡತಿ. ಜೀವನವಿಡೀ ಹಾಗೆ ಅಂದೇ ಅಭ್ಯಾಸ. ಎರಡು ಸುತ್ತು, ಒಂದು ಮಡಿಕೆ. ಮುಗಿಯಿತು.

ಇನ್‌ಸ್ಪೆಕ್ಟರ್ ತುದಿ ಎಳೆದಳು. ಬಿಚ್ಚಿಕೊಂಡಿತು. ಮೂವರೂ ಆ ದಾರವನ್ನೇ ನೋಡಿದರು.

“ಅವರಿಗೆ ಈ ಗಂಟು ಬರಲ್ಲ. ಅಂದ್ರೆ ಕದ್ದಿದ್ದು ಅವರಲ್ಲ, ಆ ಒಂಬತ್ತು ವರ್ಷ ದುಡಿದಿದ್ದೂ ಅವರಲ್ಲ. ಮಂಗಳವಾರ ಅವರು ಸಾಲಲ್ಲಿ ನಿಂತಿದ್ರು. ನೀವು ಚೀಲ ಹಿಡ್ಕೊಂಡು ದಾಖಲೆ ಕೋಣೆ ಎದುರು ಕೂತಿದ್ದನ್ನ ಕಚೇರಿಯವರು ನೋಡಿದ್ದಾರೆ. ನಿಮ್ಮ ಸಾಕ್ಷೀನ ನೀವೇ ಯಾಕಮ್ಮ ಕದ್ರಿ?”

“ಅರ್ಜಿ ವಾಪಸ್ ಕೊಡಿ ಅಂದೆ. ಹೋದ ಫೈಲು ತಿರುಗಿ ಬರಲ್ಲ ಅಂದ್ರು. ಇವರು ಈ ವಯಸ್ಸಲ್ಲಿ ಜೈಲಿಗೆ ಹೋಗ್ಬೇಕಾ? ಇವರದ್ದು ನಿಂತ್ರೆ ಒಲೆ ಉರಿಯಲ್ಲ. ನಂದು ಬರೋ ಹೊತ್ತಿಗೆ ನಾವೇ ಇರ್ತೀವೋ ಇಲ್ವೋ.”

“ಪುಸ್ತಕ?”

“ಬಿಸಿನೀರಲ್ಲಿ ನೆನೆಹಾಕಿ ಉಜ್ಜಿದೆ. ಹೆಬ್ಬೆಟ್ಟಿನ ಮಸಿ ಬೇಗ ಹೋಗಲ್ಲ. ಎರಡು ಸಲ ನೀರು ಬದಲಾಯಿಸಿದೆ.”

“ಅಳು ಬರಲಿಲ್ವಾ?”

“ಏನೂ ಬರಲಿಲ್ಲ.”

ಇನ್‌ಸ್ಪೆಕ್ಟರಿಗೂ ಏನೂ ಬರಲಿಲ್ಲ. ಅದಕ್ಕೇ ಆಕೆಗೆ ಭಯವಾಯಿತು. ಕಾಗದ ತೆಗೆದು ಬರೆದಳು, ಓದಿದಳು: “ಈ ಗಂಟು ಆರೋಪಿಗೆ ಬರುತ್ತದೆ. ಕಾರಣ, ಆಕೆ ಒಂಬತ್ತು ವರ್ಷ ಆಸ್ಪತ್ರೆಯಲ್ಲಿ ಕಟ್ಟು ಕಟ್ಟುವ ಕೆಲಸ ಮಾಡಿದ್ದಾಳೆ.” ಅಷ್ಟು ಬರೆಯದೆ ಕಳ್ಳತನದ ಆರೋಪ ನಿಲ್ಲುವಂತಿರಲಿಲ್ಲ.

“ಹಾಗಾದ್ರೆ ನನ್ನ ಪಿಂಚಣಿ?” ಎಂದ ಗಂಡ. ಹೆಂಡತಿ ಕಾಗದದ ಕಡೆ ಬಾಗಿದಳು.

“ಇದು ಸರ್ಕಾರಿ ಕಾಗದಾನಾ ಮೇಡಂ?”

“ಹೌದು.”

“ಆ ಒಂಬತ್ತು ವರ್ಷದ್ದು ಇನ್ನೊಂದ್ಸಲ ಓದಿ.”

ಇನ್‌ಸ್ಪೆಕ್ಟರ್ ಓದಿದಳು. ಹೆಂಗಸು ಸೆರಗಿಗೆ ಹೆಬ್ಬೆರಳು ಒರೆಸಿಕೊಂಡು, ಮಸಿಗೆ ಅದ್ದಿ, ತನ್ನದೇ ಹೆಸರಿನ ಪಕ್ಕ ಒತ್ತಿದಳು.