ದಪ್ಪ ತಂತಿಯ ಎಂಟು ದಿನಗಳು

ಗಿರಣಿಯ ಕಲ್ಲುಗಳು ಮತ್ತೆ ನಿಂತವು. ರೆಪ್ಪೆಗೆ ಮೆತ್ತಿದ ಹಿಟ್ಟನ್ನು ಒರೆಸಿಕೊಳ್ಳದೆಯೇ ಹೊರಗೆ ಬಂದ ಗಿರಣಿಯ ಒಡತಿ, ಎದುರಿನ ಟ್ರಾನ್ಸ್‌ಫಾರ್ಮರ್ ಬೇಲಿಗೆ ಸೈಕಲ್ ಒರಗಿಸುತ್ತಿದ್ದ ಲೈನ್‌ಮನ್‌ನನ್ನು ತಡೆದಳು.

"ಈ ವಾರದಲ್ಲಿ ಐದನೇ ಸಲ. ನಿಮ್ಮ ಫ್ಯೂಸ್‌ಗೆ ನನ್ನ ಮೇಲೆ ಏನಾದ್ರೂ ಹಗೆಯಾ?"

"ನಿಮ್ಮ ಗಿರಣಿ, ಆ ಮರ ಕೊಯ್ಯೋ ಮಿಲ್ಲು, ಈ ವೆಲ್ಡಿಂಗ್ ಶಾಪು, ಮೂರೂ ಹನ್ನೊಂದಕ್ಕೇ ಶುರುವಾದ್ರೆ ಅದು ಪಾಪ ಏನ್ಮಾಡುತ್ತೆ ಮೇಡಂ?"

"ದಪ್ಪ ತಂತಿ ಹಾಕಿಬಿಡಿ."

"ಆಗಲ್ಲ."

"ಸಂಜೆಯೊಳಗೆ ಆಸ್ಪತ್ರೆ ಅಡುಗೆಮನೆಗೆ ಹಿಟ್ಟು ಕೊಡ್ಬೇಕು. ನಾನು ಕೇಳಿದ್ರೂ ಆಗಲ್ವಾ?"

ಆಡಿದ ಮೇಲೆಯೇ ಆ ಮಾತಿನ ಸಲುಗೆ ಅವಳಿಗೆ ಅರಿವಾದದ್ದು. ಅವನು ಅವಳ ಬಿಳಿಯ ರೆಪ್ಪೆಗಳನ್ನು ಅಗತ್ಯಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡಿದ. ಬಳಿಕ ಒಂದು ಎಳೆ ಇರಬೇಕಾದಲ್ಲಿ ಮೂರು ಎಳೆಗಳನ್ನು ಹೊಸೆದು ಫ್ಯೂಸ್ ಕಟ್ಟಿದ.

ಎಂಟು ದಿನ ಗಿರಣಿ ಒಮ್ಮೆಯೂ ನಿಲ್ಲಲಿಲ್ಲ.

ಅವನೂ ಬರಲಿಲ್ಲ. ಹನ್ನೊಂದು ಗಂಟೆಯಾದೊಡನೆ ಅವಳ ಕಿವಿ, ಕಲ್ಲುಗಳ ಮೊರೆತದ ನಡುವೆಯೂ, ಬೀದಿಯ ಪ್ರತಿಯೊಂದು ಸೈಕಲ್ಲಿನ ಸದ್ದನ್ನು ಬೇರ್ಪಡಿಸಿ ಆಲಿಸುತ್ತಿತ್ತು. ಅವನು ಬರುವ ದಾರಿಯನ್ನು ತಾನೇ ಬಾಯಾರೆ ಕೇಳಿ ಮುಚ್ಚಿಸಿಕೊಂಡಿದ್ದಳಲ್ಲ!

"ಕರೆಂಟ್ ಇದ್ರೂ ಮುಖ ಯಾಕೇ ಮಂಕಾಗಿದೆ?" ತಕ್ಕಡಿಯ ಹಿಂದಿನಿಂದ ಸೋದರತ್ತೆ ಕೇಳಿದಳು.

"ಹಿಟ್ಟು, ಅತ್ತೆ."

"ಹಿಟ್ಟು ಬೆಳ್ಳಗಿರುತ್ತೆ ಕಣೇ. ನನಗೆ ಕಣ್ಣು ಮಂಜಾಗಿರಬಹುದು, ಅಷ್ಟೊಂದಲ್ಲ."

ಒಂಬತ್ತನೆಯ ದಿನ, ಯಾರೂ ಕರೆಯದೆ, ಅವನು ಬಂದ. ಸ್ವಿಚ್ ಇಳಿಸಿ ಟ್ರಾನ್ಸ್‌ಫಾರ್ಮರಿನ ಮೈಗೆ ಕೈಯ ಹಿಂಬದಿ ತಾಗಿಸಿದವನು ಥಟ್ಟನೆ ಕೈ ಹಿಂತೆಗೆದ. ಮುಚ್ಚಳದ ಅಂಚಿನಲ್ಲಿ ಎಣ್ಣೆ ಜಿನುಗಿತ್ತು. ಅವಳು ಬೇಲಿಯವರೆಗೆ ಓಡಿಬಂದಿದ್ದಳು.

"ಫ್ಯೂಸ್ ಇರೋದೇ ಮೊದಲು ಸುಟ್ಟುಹೋಗೋಕೆ ಮೇಡಂ. ಅದನ್ನ ಸುಡದ ಹಾಗೆ ಮಾಡಿದೆ. ಇನ್ನೆರಡು ದಿನ ಬಿಟ್ಟಿದ್ರೆ ಈ ಟ್ರಾನ್ಸ್‌ಫಾರ್ಮರೇ ಸುಟ್ಟು, ಇಡೀ ಬೀದಿ ತಿಂಗಳುಗಟ್ಟಲೆ ಕತ್ತಲಲ್ಲಿರ್ತಿತ್ತು. ಎಂಟು ದಿನದಿಂದ ನಿದ್ದೆ ಇಲ್ಲ."

"ನನಗೂ," ಎಂದಳು ಅವಳು. ಕಾರಣ ಬೇರೆಯೆಂದು ಹೇಳಲಿಲ್ಲ.

ಅವನು ಸರಿಯಾದ ತಂತಿ ಕಟ್ಟಿದ. ಜೇಬಿನಿಂದ ಮಡಿಸಿದ ಹಾಳೆ ತೆಗೆದ. "ತಪ್ಪು ನನ್ನದೇ ಅಂತ ಆಫೀಸರಿಗೆ ಬರೆದು ಕೊಡ್ತಿದೀನಿ. ವರ್ಗ ಆಗಬಹುದು. ಕಾರಣ ಅನ್ನೋ ಜಾಗ ಮಾತ್ರ ಖಾಲಿ ಬಿಟ್ಟಿದೀನಿ."

"ಏನಿತ್ತು ಕಾರಣ?"

"ಒಬ್ಬರು ಕೇಳಿದ್ರು. ಆಗಲ್ಲ ಅಂತ ಎರಡನೇ ಸಲ ಹೇಳೋಕೆ ಆಗ್ಲಿಲ್ಲ."

ಅವಳು ಹಾಳೆಯನ್ನು ಕಸಿದುಕೊಂಡಳು. "ನಡೀರಿ, ನಾನೂ ಬರ್ತೀನಿ. ಅತ್ತೆ, ಗಿರಣಿ ನೋಡ್ಕೊಳ್ಳಿ!"

"ಹೋಗ್ಬಾರೇ. ಮುಖ ತೊಳ್ಕೊಂಡು ಹೋಗು."

ಅವಳು ತೊಳೆಯಲಿಲ್ಲ. ಕಚೇರಿಯ ಮೇಜಿನ ಮೇಲೆ, ಖಾಲಿ ಜಾಗದಲ್ಲಿ, 'ದಪ್ಪ ತಂತಿ ಕೇಳಿದವಳು ನಾನು' ಎಂದು ಬರೆದು ಸಹಿ ಹಾಕಿದಳು. ಆಫೀಸರು ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದರು.

"ನೀವು ಇವನಿಗೆ ಏನಾಗ್ಬೇಕಮ್ಮಾ?"

ಉತ್ತರ ಬಂದದ್ದು ಅವನಿಂದ. "ಇನ್ನೂ ಏನೂ ಇಲ್ಲ ಸರ್. ನಾನು ಕೇಳೇ ಇಲ್ಲ."

"ವರ್ಗವಂತೂ ತಪ್ಪಲ್ಲ. ಸೋಮವಾರದಿಂದ ಹೊಳೆಯಾಚೆ ಕೆಲಸ." ಆಫೀಸರು ಹಾಳೆಯನ್ನು ಫೈಲಿಗೆ ಸೇರಿಸಿದರು. "ಅಷ್ಟರೊಳಗೆ ಕೇಳ್ಬಿಡು ಮಾರಾಯಾ."

ಹೊರಗಿನ ಮೆಟ್ಟಿಲ ಮೇಲೆ ಅವನು ಮೂರು ಸಲ ಗಂಟಲು ಸರಿಪಡಿಸಿಕೊಂಡ. "ಹೊಳೆಯಾಚೆ ಅಂದ್ರೆ ದೂರ. ನೀವು... ನಾನು..."

ಅವನ ಕಣ್ಣುಗಳನ್ನು ಅವಳು ಮೊದಲ ಬಾರಿಗೆ ಅವಸರವಿಲ್ಲದೆ ನೋಡಿದಳು.

"ಭಾನುವಾರ ಗಿರಣಿಗೆ ರಜೆ," ಎಂದಳು. "ಮೊದಲನೇ ದೋಣಿ ಎಷ್ಟು ಗಂಟೆಗೆ?"