ಗ್ರೀಸುಬಾಯಿಯ ಮೆಕ್ಯಾನಿಕ್

ಥೂ... ಇದೆಂಥ ಅಸಹ್ಯ!

ಅವಳು ಮುಖ ಕಿವುಚಿದಳು. ಬೈಕಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮೆಕ್ಯಾನಿಕ್, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಗ್ರೀಸು ಮೆತ್ತಿದ ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಕಣ್ಣು ಮುಚ್ಚಿದ್ದವು. ತುಟಿಯ ಕೊನೆಯಿಂದ ಕಪ್ಪು ಜೊಲ್ಲು ಗಲ್ಲಕ್ಕೆ ಇಳಿಯುತ್ತಿತ್ತು.

ಮನೆಯಲ್ಲಿ ಅವಳನ್ನು ಚೊಕ್ಕಿ ಎಂದೇ ಕರೆಯುತ್ತಿದ್ದರು. ಲೋಟವನ್ನು ಎರಡು ಸಲ ತೊಳೆಯದೆ ನೀರು ಕುಡಿದವಳಲ್ಲ. ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮನ ಸಹಾಯಕಿ. ಜನರ ಬಾಯಿಗೆ ಹೋಗುವ ಒಂದೊಂದು ಸಲಕರಣೆಯನ್ನೂ ಬಿಸಿ ಹಬೆಯಲ್ಲಿ ಶುದ್ಧಮಾಡಿ ಕವರಿನಲ್ಲಿ ಮುಚ್ಚಿಡುವುದು ಅವಳ ಕೆಲಸ. ಅಂಥವಳ ಕಣ್ಣೆದುರಿಗೇ ಇದು.

ಬೈಕು ಅಪ್ಪನದು. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಕೂತು ಬೆನ್ನಿಗೆ ಕೆನ್ನೆ ಒತ್ತಿದರೆ ಅಪ್ಪ ಗುನುಗುವುದು ಕೇಳುತ್ತಿತ್ತು. ಗಾಳಿಯ ಭೋರಾಟದಲ್ಲಿ ಕಿವಿಗಲ್ಲ, ಕೆನ್ನೆಯ ಮೂಳೆಗೆ. ಆ ಬೈಕಿಗೆ ಈಗ ವಿಚಿತ್ರ ಸದ್ದು ಹತ್ತಿಕೊಂಡಿತ್ತು. ತಣ್ಣಗಿದ್ದಾಗ ಏನೂ ಇಲ್ಲ, ನಾಲ್ಕು ಕಿಲೋಮೀಟರ್ ಓಡಿ ಬಿಸಿಯಾದರೆ ಒಳಗಿನಿಂದ ಟಕಟಕ, ಟಕಟಕ.

ಅಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. "ಈ ತಿಂಗಳೊಳಗೆ ಸರಿ ಆಗ್ಬೇಕು. ಇಲ್ಲಾಂದ್ರೆ ಗುಜರಿಗೆ. ನಡುರಸ್ತೇಲಿ ಎಂಜಿನ್ ಜಾಮ್ ಆಗಿ ನೀನು ಬಿದ್ರೆ ನಾನೇನು ಮಾಡ್ಲಿ?"

"ಏನಾಗಿದೆ?" ಸೀಟಿನ ಮೇಲೆ ಕೂತೇ ಚೊಕ್ಕಿ ಮೂರು ಸಲ ಕೇಳಿದಳು. ಅವನು ಕತ್ತೆತ್ತಲಿಲ್ಲ.

ಅವಳಿಗೆ ರೇಗಿತು. ಜೊತೆಗೆ ಬಂದಿದ್ದ ಅಕ್ಕ ಆಚೆ ಬದಿಯಲ್ಲಿ ನಿಂತಿದ್ದಳು. ಎಂಜಿನ್ನಿನ ಗದ್ದಲದಲ್ಲಿ ಇವನಿಗೇನು ಕೇಳೀತು ಎಂದು ಚೊಕ್ಕಿ ಅತ್ತ ತಿರುಗಿದಳು.

"ನೋಡೇ ಅಕ್ಕ, ಎಷ್ಟು ಸೊಕ್ಕು. ಆ ಬಾಯಿ ನೋಡು, ಚರಂಡಿ ಥರ. ಗ್ರೀಸುಬಾಯಿ. ಇಂಥವನನ್ನ ಯಾರಾದ್ರೂ ಹತ್ತಿರ ಸೇರಿಸ್ಕೋತಾರಾ? ನಂಗೆ ವಾಂತಿ ಬರ್ತಿದೆ."

ಅಕ್ಕ ಕಿಸಕ್ಕನೆ ನಕ್ಕಳು. ಚೊಕ್ಕಿಯ ಕಣ್ಣು ಹ್ಯಾಂಡಲ್ಲಿನ ಕನ್ನಡಿಗೆ ಬಿತ್ತು. ಅದರಲ್ಲಿ ಅವನು ಕಣ್ಣು ತೆರೆದು ಅವಳ ತುಟಿಗಳನ್ನೇ ನೋಡುತ್ತಿದ್ದ.

ಅವನು ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದ. ಮುಂಗೈಯಿಂದ ಬಾಯಿ ಒರೆಸಿಕೊಂಡ. ಇನ್ನೊಮ್ಮೆ ಒರೆಸಿಕೊಂಡ.

"ಆಫ್ ಮಾಡಿ. ಇದು ನನ್ನ ಕೈಲಿ ಆಗಲ್ಲ, ಬೇರೆ ಕಡೆ ತೋರಿಸಿ. ಅಲ್ಲೀವರೆಗೂ ಜೋರಾಗಿ ಓಡಿಸ್ಬೇಡಿ."

ಹೇಳುವಾಗ ಅವನು ಪೆಟ್ರೋಲ್ ಟ್ಯಾಂಕನ್ನು ಒಮ್ಮೆ ಮೆಲ್ಲಗೆ ಸವರಿದ. ಅದು ಅವಳಿಗೆ ಯಾಕೋ ಚುಚ್ಚಿತು.

ಬೇರೆ ಎರಡು ಗ್ಯಾರೇಜಿನವರು ಎಂಜಿನ್ ಬಿಚ್ಚದೆಯೇ ಒಂದೇ ಮಾತು ಹೇಳಿದರು. "ಎಂಜಿನ್ನೊಳಗಿನ ಕ್ರ್ಯಾಂಕೇ ಹೋಗಿದೆ ಮೇಡಂ. ಈ ಹಳೇ ಗಾಡಿಗೆ ಯಾರು ತಲೆ ಕೆಡಿಸ್ಕೋತಾರೆ, ಗುಜರಿಗೆ ಹಾಕಿ." ಅಮ್ಮ ಭಾನುವಾರಕ್ಕೆ ಗುಜರಿಯವನಿಗೆ ಹೇಳಿಯೇಬಿಟ್ಟಳು.

ಚೊಕ್ಕಿಗೆ ಅಳು ಬಂತು. ಆ ಗ್ರೀಸುಬಾಯಿಯ ಮೇಲೆ ಸಿಟ್ಟೂ ಬಂತು. ಕೆಲಸಗಳ್ಳ! ಊಟಕ್ಕೆ ಕೂತರೆ ಆ ಕಪ್ಪು ಜೊಲ್ಲು ಕಣ್ಣಿಗೆ ಕಟ್ಟಿ ತುತ್ತು ಇಳಿಯುತ್ತಿರಲಿಲ್ಲ. ಅದರ ಜೊತೆಗೆ ಮಗುವಿನ ಎದೆಬಡಿತ ಕೇಳುವವನಂತೆ ಮುಚ್ಚಿದ್ದ ಆ ಕಣ್ಣುಗಳೂ ನೆನಪಾಗುತ್ತಿದ್ದವು. ಅಂಥವನ ಕಣ್ಣು ತನಗೇಕೆ ನೆನಪಾಗಬೇಕು ಎಂದು ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಗುತ್ತಿತ್ತು.

ಶುಕ್ರವಾರ ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಂದು ಕೂತವನನ್ನು ಕಂಡು ಅವಳು ಮಾಸ್ಕನ್ನು ಮೇಲಕ್ಕೆ ಎಳೆದುಕೊಂಡಳು. ಅವನೇ. ಮುಂದಿನ ಹಲ್ಲಿನ ಅಂಚು ಮುರಿದಿತ್ತು. ಟೋಪಿ, ಮಾಸ್ಕಿನೊಳಗಿದ್ದ ಚೊಕ್ಕಿಯ ಗುರುತು ಅವನಿಗೆ ಸಿಗಲಿಲ್ಲ.

"ಏನು ಕಚ್ಚಿದ್ರಿ?" ಡಾಕ್ಟರಮ್ಮ ಕೇಳಿದರು. ಅವನು ಸುಮ್ಮನೆ ಅವರ ಮಾಸ್ಕನ್ನೇ ನೋಡಿದ.

"ಕ್ಷಮಿಸಿ ಡಾಕ್ಟ್ರೇ, ಸ್ವಲ್ಪ ಮಾಸ್ಕ್ ಇಳಿಸಿ ಮಾತಾಡ್ತೀರಾ? ಚಿಕ್ಕವನಿದ್ದಾಗ ಜ್ವರ ಬಂದು ಕಿವಿ ಹೋಯ್ತು. ತುಟಿ ನೋಡಿ ತಿಳ್ಕೋತೀನಿ."

ಚೊಕ್ಕಿ ಜೊಲ್ಲು ಹೀರುವ ಕೊಳವೆಯನ್ನು ಟ್ರೇಯಲ್ಲಿಟ್ಟು ಅವನ ಕಿವಿಯನ್ನೇ ನೋಡಿದಳು.

ಡಾಕ್ಟರಮ್ಮ ಮಾಸ್ಕ್ ಇಳಿಸಿ ಮತ್ತೆ ಕೇಳಿ, ಸ್ಕ್ರೂಡ್ರೈವರ್ ಎಂಬ ಉತ್ತರಕ್ಕೆ ಹುಬ್ಬೇರಿಸಿದರು. "ಕಬ್ಬಿಣ ಕಚ್ತೀರಾ? ಬಿಟ್ಬಿಡಿ ಆ ಅಭ್ಯಾಸನ."

"ಹೇಗೆ ಬಿಡ್ಲಿ? ಎಂಜಿನ್ ಸದ್ದು ನಂಗೆ ಹಲ್ಲಿನಿಂದಾನೇ ಗೊತ್ತಾಗೋದು. ಮೂಳೆಗೆ ಬಡಿಯುತ್ತಲ್ಲ, ಅದೇ ನನ್ನ ಕಿವಿ. ಮೊನ್ನೆ ಒಬ್ಬರು ಬಂದಿದ್ರು. ಅಸಹ್ಯಪಟ್ಕೊಂಡ್ರು. ಅವರು ಅಂದಿದ್ದು ಕನ್ನಡೀಲಿ ಕಾಣಿಸ್ತು. ಆಮೇಲೆ ಅವರೆದುರಿಗೆ ಮತ್ತೆ ಬಾಯಿಗಿಡೋಕೆ ನಾಚಿಕೆಯಾಯ್ತು, ವಾಪಸ್ ಕಳಿಸ್ಬಿಟ್ಟೆ. ತಪ್ಪು ಮಾಡ್ದೆ. ಒಳ್ಳೇ ಗಾಡಿ ಅದು, ಯಾರೋ ತುಂಬಾ ಪ್ರೀತಿಯಿಂದ ಓಡಿಸಿದ ಗಾಡಿ."

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೆ ಎನಿಸಿತು ಅವಳಿಗೆ. ದಿನವೂ ಊರವರ ರಕ್ತ, ಕೀವು, ಎಂಜಲು ಬಳಿಯುವ ತನಗೆ ಒಬ್ಬನ ಕಿವಿ ಅಸಹ್ಯವಾಗಿ ಕಂಡಿತ್ತು. ಮಾಸ್ಕಿನೊಳಗೆ ಅವಳ ಬಾಯಿ ಕಹಿಯಾಯಿತು. ಚರಂಡಿಯಂಥ ಬಾಯಿ ಯಾರದು? ತನ್ನದೇ.

ಶನಿವಾರ ಮಧ್ಯಾಹ್ನ ಅವಳು ಗ್ಯಾರೇಜಿನ ಮುಂದೆ ಬೈಕು ನಿಲ್ಲಿಸಿದಾಗ ಎಂಜಿನ್ ಬಿಸಿಯಾಗಿ ಟಕಟಕ ಎನ್ನುತ್ತಿತ್ತು. ಅವನು ಅವಳನ್ನು ಕಂಡವನೇ ಬಾಯಿ ಒರೆಸಿಕೊಂಡ.

ಅವಳು ಅವನೆದುರು ನಿಂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು. "ನಿನ್ನೆ ಕ್ಲಿನಿಕ್ಕಲ್ಲಿ ನಿಮ್ಮ ಪಕ್ಕ ನಿಂತಿದ್ದೋಳು ನಾನೇ. ಅವತ್ತು ಬಾಯಿಗೆ ಬಂದ ಹಾಗೆ ಮಾತಾಡಿದೋಳೂ ನಾನೇ. ತಪ್ಪಾಯ್ತು."

ಬ್ಯಾಗಿನಿಂದ ಕ್ಲಿನಿಕ್ಕಿನ ಕವರೊಂದನ್ನು ತೆಗೆದು ಚಾಚಿದಳು. ಒಳಗೆ ಉದ್ದನೆಯ ಹೊಸ ಸ್ಕ್ರೂಡ್ರೈವರ್, ಹಿಡಿಯೂ ಸ್ಟೀಲಿನದೇ. "ಪ್ಲಾಸ್ಟಿಕ್ ಹಿಡಿ ಆದ್ರೆ ಹಬೇಲಿ ಕರಗುತ್ತೆ, ಅದಕ್ಕೆ ಇದು. ನಾನೇ ಶುದ್ಧ ಮಾಡಿದ್ದು. ಮೆಲ್ಲಗೆ ಕಚ್ಚಿ, ನಿನ್ನೆ ತಾನೇ ಕಟ್ಟಿಸ್ಕೊಂಡ ಹಲ್ಲು. ನಾಳೆ ಗುಜರಿಯವನು ಬರ್ತಾನೆ. ಇದು ನಮ್ಮಪ್ಪನ ಗಾಡಿ."

ಅವನು ಕವರನ್ನು ತಿರುವಿ ತಿರುವಿ ನೋಡಿದ. ಆಮೇಲೆ ಹರಿದು, ಕೂತು, ಕಚ್ಚಿ, ಕಣ್ಣು ಮುಚ್ಚಿದ. ತುದಿಯನ್ನು ಎಂಜಿನ್ನಿನ ಮೈಮೇಲೆ ಬೆರಳಗಲದಷ್ಟೇ ಸರಿಸುತ್ತ ಹೋದ.

"ಕ್ರ್ಯಾಂಕ್ ಗಟ್ಟಿಯಾಗಿದೆ," ಎಂದ ಕೊನೆಗೆ. "ಒಳಗಿನ ಟೈಮಿಂಗ್ ಚೈನ್ ಸಡಿಲ ಆಗಿದೆ ಅಷ್ಟೆ. ಬಿಸಿಯಾದಾಗ ಕವರ್‌ಗೆ ಬಡೀತಿದೆ. ಸಂಜೆಗೆ ಸರಿಮಾಡಿ ಕೊಡ್ತೀನಿ."

ಚೊಕ್ಕಿ ಗ್ಯಾರೇಜಿನ ಎಣ್ಣೆಜಿಡ್ಡಿನ ಸ್ಟೂಲಿನ ಮೇಲೆ, ಅದನ್ನು ಒರೆಸದೆಯೇ, ಕುಸಿದು ಕೂತಳು. ಸಂಜೆ ಎಂಜಿನ್ ಗುನುಗತೊಡಗಿದಾಗ ಅಪ್ಪನ ಬೆನ್ನು ನೆನಪಾಯಿತು. ಮರುದಿನ ಗುಜರಿಯವನು ಬರಿಗೈಯಲ್ಲಿ ಹೋದ.

ಆಮೇಲಿನ ಒಂದು ತಿಂಗಳಲ್ಲಿ ಚೊಕ್ಕಿಯ ಬೈಕಿಗೆ ನಾಲ್ಕು ಸಲ ಇಲ್ಲದ ಸದ್ದು ಬಂತು. ಪ್ರತಿ ಸಲವೂ, ಅವಳು ವಾಪಸ್ ಒಯ್ದು ಶುದ್ಧಮಾಡಿದ ಅದೇ ಸ್ಕ್ರೂಡ್ರೈವರ್ ಕ್ಲಿನಿಕ್ಕಿನ ಹೊಸ ಕವರಿನಲ್ಲಿ ಬಂತು. ಅಕ್ಕ ಮೂಗು ಮುರಿದಳು, ಅಮ್ಮ ಏನೂ ಕೇಳದೆ ನಕ್ಕಳು.

ನಾಲ್ಕನೆಯ ಸಲ ಅವನು ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದು ಅವಳನ್ನೇ ನೋಡಿದ. "ಯಾವ ಸದ್ದೂ ಇಲ್ಲ. ಹೋದ ವಾರಾನೂ ಇರ್ಲಿಲ್ಲ. ಯಾಕೆ ಬರ್ತೀರಿ?"

ಅವಳು ಎಂಜಿನ್ ಆಫ್ ಮಾಡಿ ಇಳಿದಳು.

"ಅದನ್ನ ಮತ್ತೆ ಕಚ್ಕೊಳ್ಳಿ. ಕಣ್ಣು ಮುಚ್ಚಿ. ತುಟಿ ನೋಡೋ ಹಾಗಿಲ್ಲ."

ಅವನು ಹಾಗೇ ಮಾಡಿದ. ಎಂಜಿನ್ನಿನ ಮಸಿ ಹತ್ತಿದ್ದ ತುದಿಯನ್ನು ಅವಳು ಎರಡು ಬೆರಳಲ್ಲಿ ಹಿಡಿದು ತನ್ನ ದವಡೆಯ ಮೂಳೆಗೆ ಒತ್ತಿಕೊಂಡಳು. ಅಸಹ್ಯವಾಗಲಿಲ್ಲ.

"ಅವತ್ತು ಕೇಳಿದ್ನಲ್ಲ, ಇಂಥವನನ್ನ ಯಾರಾದ್ರೂ ಹತ್ತಿರ ಸೇರಿಸ್ಕೋತಾರಾ ಅಂತ..." ಅವಳು ತುದಿಯನ್ನು ಇನ್ನಷ್ಟು ಒತ್ತಿಕೊಂಡಳು. "ನಾನು ಸೇರಿಸ್ಕೋತೀನಿ."

ಸ್ಟೀಲಿನ ಆಚೆ ತುದಿಯಲ್ಲಿ ಅವನ ಹಲ್ಲು ನಡುಗಿದ್ದು ಅವಳ ದವಡೆಗೆ ತಿಳಿಯಿತು. ಅವನು ಕಣ್ಣು ತೆರೆದ. ಕಣ್ಣು ಒದ್ದೆಯಾಗಿದ್ದವು. ಗಡಿಬಿಡಿಯಲ್ಲಿ ಮುಂಗೈಯಿಂದ ಮುಖ ಒರೆಸಿಕೊಂಡು ಗ್ರೀಸನ್ನು ಕಿವಿಯವರೆಗೂ ಬಳಿದುಕೊಂಡ.

"ಥೂ," ಎಂದಳು ಚೊಕ್ಕಿ. ತನ್ನ ಬಿಳಿ ಕರವಸ್ತ್ರದಿಂದ ಅವನ ಬಾಯಿ ಒರೆಸಿದಳು. "ಕೇಳಿಸ್ತಾ?"

"ಇಲ್ಲ," ಎಂದು ಸುಳ್ಳು ಹೇಳಿದ ಅವನು, ಸ್ಕ್ರೂಡ್ರೈವರನ್ನು ಮತ್ತೆ ಹಲ್ಲಿನ ಹತ್ತಿರ ತಂದ. "ಇನ್ನೊಂದ್ಸಲ ಹೇಳಿ."